ಲಾಭ ಎಂಬ ಮೊದಲ ಎಣಿಕೆ

ನಮ್ಮ ಸೀಮೆಯಲ್ಲಿ ಕಾಳನ್ನು ಅಳೆಯುವಾಗ ಮೊದಲ ಸೇರನ್ನು 'ಒಂದು' ಎಂದು ಎಣಿಸುತ್ತಿರಲಿಲ್ಲ. 'ಲಾಭ' ಎಂದು ಎಣಿಸುತ್ತಿದ್ದರು. ಅಳೆಯುವವನು ಸೇರನ್ನು ರಾಶಿಯೊಳಕ್ಕೆ ಒತ್ತಿ, ತುಂಬಿ ತುಳುಕುವಂತೆ ಎತ್ತಿ, ಸ್ವಲ್ಪ ರಾಗವಾಗಿ 'ಲಾಭ' ಎಂದು ಸುರಿಯುವನು. ಆಮೇಲೆ 'ಎರಡು', 'ಮೂರು' ಎಂದು ಮುಂದುವರಿಯುವನು. ಮುಕ್ಕುಂದದಲ್ಲಿ ಹುಟ್ಟಿ ಬೆಳೆದ ನಾನು ಲೆಕ್ಕವನ್ನು ಕಲಿತದ್ದು ಶಾಲೆಗಿಂತ ಮೊದಲು ಕಣದಲ್ಲಿ. ಆದಕಾರಣ ಒಂದು ಎಂಬ ಅಂಕಿಗೆ ಲಾಭವೆಂದೇ ಹೆಸರಿರಬೇಕೆಂದು ಎಷ್ಟೋ ಕಾಲ ನಂಬಿದ್ದೆ.

ಒಮ್ಮೆ ತಂದೆಯವರ ಜೊತೆ ಜೋಳದ ಬಂಡಿಯ ಮೇಲೆ ಕುಳಿತು ಪೇಟೆಗೆ ಹೋಗಿದ್ದೆ. ಅಡತ್ತಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ನಮ್ಮ ಜೋಳದ ರಾಶಿ. ಅಲ್ಲಿಯೂ ಅಳೆಯುವವನು ಅದೇ ರಾಗದಲ್ಲಿ 'ಲಾಭ' ಎಂದ. ಅಳತೆ ಮುಗಿದ ಮೇಲೆ ದಲಾಲಿಯೆಂದು ಇಷ್ಟು, ಹಮಾಲಿಯೆಂದು ಇಷ್ಟು, ಧರ್ಮಾದಾಯವೆಂದು ಇಷ್ಟು, ಕಸಕಡ್ಡಿಗೆ ಕಡತವೆಂದು ಇಷ್ಟು ಮುರಿದುಕೊಂಡರು. ಕಣದಲ್ಲಿ ಎಣಿಸಿದ್ದಕ್ಕೂ ಕಟ್ಟೆಯಲ್ಲಿ ಎಣಿಸಿದ್ದಕ್ಕೂ ಕೆಲವು ಸೇರುಗಳ ಅಂತರ ಬಂದಿತ್ತು. ತಂದೆಯವರು ಮೆಲ್ಲನೆ, "ಸಾವ್ಕಾರ್ರ, ಅಳತಿ ಕಮ್ಮಿ ಬಂದಂಗ ಐತ್ರಿ" ಎಂದರು. ಸಾಹುಕಾರರು ಸಿಟ್ಟಾಗಲಿಲ್ಲ, ನಗುತ್ತ, "ಪದ್ಧತಿ ಐತಿ ಗೌಡ್ರ, ನಾನೇನು ಹೊಸದಾಗಿ ಮಾಡೀನೇನು?" ಎಂದರು. ತಿರುಗಿ ಬರುವಾಗ ನಾನು ಬಂಡಿಯಲ್ಲಿ ಕೇಳಿದೆ: "ಯಪ್ಪಾ, ಲಾಭ ಅಂದ್ರಲ್ಲ, ಅದು ಯಾರಿಗೆ?" ತಂದೆಯವರು ಎತ್ತಿನ ಬಾಲ ಮುಟ್ಟಿ ಬಂಡಿಯನ್ನು ಓಡಿಸಿದರೇ ಹೊರತು ಉತ್ತರ ಹೇಳಲಿಲ್ಲ.

ಅದೇ ಸಾಹುಕಾರರು ಮಳೆ ಹೋದ ವರ್ಷ ನಮ್ಮ ಮನೆಗೆ ಬೀಜದ ಜೋಳವನ್ನು ಉದ್ದರಿ ಕೊಟ್ಟವರು. ಕಾಗದವಿಲ್ಲ, ಪತ್ರವಿಲ್ಲ, ತಂದೆಯವರ ಮಾತೇ ಆಧಾರ. ಆದುದರಿಂದ ಅವರನ್ನು ಕೆಟ್ಟವರೆಂದು ಹೇಳಿ ನಾನು ಕೈತೊಳೆದುಕೊಳ್ಳಲಾರೆ. ಒಬ್ಬ ವ್ಯಾಪಾರಿಯ ಗುಣದೋಷದ ಪ್ರಶ್ನೆ ಇದಲ್ಲ. ಅವರು ಆಡಿದ ಆ ಒಂದು ಮಾತು, 'ಪದ್ಧತಿ', ಅದನ್ನು ಯಾರು ಮಾಡುತ್ತಾರೆ, ಯಾರು ತಿದ್ದುತ್ತಾರೆ ಎಂಬುದೇ ಪ್ರಶ್ನೆ. ವ್ಯಾಪಾರಿಗಳು ಒಟ್ಟಾಗಿ ಕಟ್ಟಿಕೊಂಡ ಸಂಘಗಳು ನಮ್ಮ ನಾಡಿನಲ್ಲಿ ಊರ ವ್ಯಾಪಾರವನ್ನು ಹೇಗೆ ಕಾಪಾಡಿದುವು, ಎಲ್ಲಿ ಎಡವಿದುವು ಎಂಬ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ತಮ್ಮ ಮುಂದಿಡಬೇಕೆಂದು ನನ್ನ ಆಸೆ.

ಮೊದಲು ನಮ್ಮ ಊರಿನ ನೆಲೆಯನ್ನು ಹೇಳಬೇಕು. ಮುಕ್ಕುಂದ ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ಎಡದಂಡೆಯ ಮೇಲಿದೆ. ಹೊಳೆಯ ಆಚೆಗೆ ಸಿರುಗುಪ್ಪದ ಸೀಮೆ. ಈಗ ನೋಡುವವರಿಗೆ ಅದು ಬರಿಯ ಹೊಳೆ. ನಮ್ಮ ಹಿರಿಯರ ಕಾಲಕ್ಕೆ ಅದು ಎರಡು ರಾಜ್ಯಗಳ ಗಡಿ. ಈಚೆಗೆ ಹೈದರಾಬಾದಿನ ನಿಜಾಮರ ರಾಯಚೂರು ಜಿಲ್ಲೆ, ಆಚೆಗೆ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆ. ಈಚೆ ದಡದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ ರೂಪಾಯಿ, ಆಚೆಗೆ ಬ್ರಿಟಿಷರ ಕಲ್ದಾರ್ ರೂಪಾಯಿ; ಸರಕಾರಿ ಲೆಕ್ಕದಲ್ಲಿ ನೂರು ಕಲ್ದಾರಿಗೆ ನೂರಾ ಹದಿನಾರಕ್ಕೂ ಮಿಕ್ಕಿ ಹಾಲಿ ರೂಪಾಯಿ. ಗಡಿ ದಾಟುವ ಸರಕಿಗೆ ನಿಜಾಮರ ಕರೋಡಗಿರಿ ಇಲಾಖೆಯವರು ಸುಂಕ ತೆಗೆದುಕೊಳ್ಳುತ್ತಿದ್ದರು. ಇತ್ತಕಡೆ ಕಚೇರಿಯ ಭಾಷೆ ಉರ್ದು, ಅತ್ತಕಡೆ ಇಂಗ್ಲಿಷು. ಎರಡೂ ದಡಗಳಲ್ಲಿ ಜೋಳ ಬೆಳೆಯುವವನ ಭಾಷೆ ಮಾತ್ರ ಕನ್ನಡ. 1948ರಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1953ರಲ್ಲಿ ಸಿರುಗುಪ್ಪ ಮೈಸೂರು ರಾಜ್ಯಕ್ಕೆ ಬಂದಿತು. ನಾವು ಬಂದದ್ದು 1956ರ ನವೆಂಬರ್ 1ರಂದು. ನಡುವಿನ ಆ ಮೂರು ವರ್ಷವೂ ಹೊಳೆಯ ಎರಡು ದಡಗಳು ಎರಡು ರಾಜ್ಯಗಳೇ ಆಗಿದ್ದುವು.

ಇಂಥ ಗಡಿಯ ಊರಿನಲ್ಲಿ ಬೆಳೆದವನಿಗೆ ವ್ಯಾಪಾರಕ್ಕೆ ಏನೇನು ಬೇಕು ಎಂಬುದು ಬೇಗನೆ ತಿಳಿಯುತ್ತದೆ. ಸರಿಯಾದ ಅಳತೆ ಬೇಕು, ನಂಬಬಹುದಾದ ನಾಣ್ಯ ಬೇಕು, ಸುರಕ್ಷಿತವಾದ ಹಾದಿ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಕೊಟ್ಟ ಮಾತು ನಿಲ್ಲಬೇಕು. ಈ ನಾಲ್ಕರಲ್ಲಿ ಒಂದನ್ನಾದರೂ ಒಬ್ಬ ವ್ಯಾಪಾರಿ ತಾನೊಬ್ಬನೇ ಒದಗಿಸಿಕೊಳ್ಳಲಾರ. ತನ್ನ ಸೇರು ಸರಿಯಾಗಿದ್ದರೂ ಪಕ್ಕದ ಅಂಗಡಿಯ ಸೇರು ಕಳ್ಳಸೇರಾಗಿದ್ದರೆ ಇಡೀ ಪೇಟೆಗೇ ಕೆಟ್ಟ ಹೆಸರು. ವ್ಯಾಪಾರಿಗಳು ಸಂಘ ಕಟ್ಟಿದ್ದು ಮೊದಲಾಗಿ ಈ ಅಗತ್ಯದಿಂದ. ಸ್ನೇಹಕ್ಕಾಗಿಯೂ ಅಲ್ಲ, ದಾನಕ್ಕಾಗಿಯೂ ಅಲ್ಲ.

ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ನಾಡನ್ನು ಹಳೆಯ ಶಾಸನಗಳು 'ಎಡೆದೊರೆ ಎರಡು ಸಾವಿರ' ಎಂದು ಕರೆಯುತ್ತವೆ. ಎರಡು ತೊರೆಗಳ ಎಡೆಯ ನಾಡು ಎಂಬುದು ಎಷ್ಟು ಸೊಗಸಾದ ಹೆಸರು! ನಮಗೆ ನೆರೆಯಲ್ಲಿರುವ ಮಸ್ಕಿಯಲ್ಲಿ 1915ರಲ್ಲಿ ದೊರೆತ ಅಶೋಕನ ಶಾಸನ ಲೋಕಪ್ರಸಿದ್ಧ. ಅದನ್ನು ಮೊದಲು ಕಂಡವರು ಚಿನ್ನದ ಗಣಿಯನ್ನು ಹುಡುಕುತ್ತ ಬಂದಿದ್ದ ಬೀಡನ್ ಎಂಬ ಇಂಜಿನಿಯರು. ಧರ್ಮದ ಮಾತು ಕಂಡದ್ದು ಚಿನ್ನವನ್ನು ಅರಸಿ ಬಂದವನ ಕಣ್ಣಿಗೆ! ನಮ್ಮ ಸೀಮೆಯಲ್ಲಿ ಧರ್ಮ ಮತ್ತು ಅರ್ಥಗಳ ನಂಟು ಇಂದು ನೆನ್ನೆಯದಲ್ಲವೆಂದು ಇದರಿಂದ ನನಗೆ ತೋರುತ್ತದೆ.

ಈ ನಾಡಿನ ಪಡುವಲಿಗೆ, ಮಲಪ್ರಭೆಯ ದಡದಲ್ಲಿ ಐಹೊಳೆ ಇದೆ. ಗುಡಿಗಳ ಊರೆಂದು ನಾವೆಲ್ಲ ಅದನ್ನು ಬಲ್ಲೆವು. ಆದರೆ ಐಹೊಳೆಯ ಹೆಸರನ್ನು ಸಮುದ್ರದಾಚೆಗೆ ಕೊಂಡೊಯ್ದವರು ಶಿಲ್ಪಿಗಳಲ್ಲ, ವ್ಯಾಪಾರಿಗಳು. 'ಅಯ್ಯಾವೊಳೆಯ ಐನೂರ್ವರು' ಎಂದು ಹೆಸರಾದ ಆ ವರ್ತಕ ಸಂಘದ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ದೊರೆತಿವೆ. ಸುಮಾತ್ರಾ ದ್ವೀಪದ ಬರೂಸಿನಲ್ಲಿ 1088ರ ತಮಿಳು ಶಾಸನವೊಂದು ಈ ಐನೂರ್ವರನ್ನು ಹೆಸರಿಸುತ್ತದೆ. ಬರ್ಮಾದ ಪಗಾನಿನಲ್ಲಿ ಹದಿಮೂರನೆಯ ಶತಮಾನದ ಹೊತ್ತಿಗೆ ನಾನಾದೇಶಿ ವರ್ತಕರ ವಿಷ್ಣುಗುಡಿ ಇತ್ತು. ಹೆಸರಿಗೆ ಐನೂರ್ವರಾದರೂ ಅವರು ಎಣಿಸಿದಂತೆ ಐನೂರು ಮಂದಿಯಲ್ಲ. ಸೆಟ್ಟಿಗಳು, ಗವರೆಗಳು, ಗಾತ್ರಿಗರು, ಮುಮ್ಮುರಿದಂಡರು, ನಾನಾದೇಶಿಗಳು ಎಂದು ಬಗೆಬಗೆಯ ವರ್ತಕರು ಸೇರುತ್ತಿದ್ದ ಮಹಾಕೂಟ ಅದು. ಅವರು ಪಾಲಿಸುತ್ತಿದ್ದ ನಡವಳಿಕೆಗೆ 'ಬಣಂಜುಧರ್ಮ' ಎಂಬ ಹೆಸರಿತ್ತು. ವ್ಯಾಪಾರಕ್ಕೂ ಒಂದು ಧರ್ಮವಿದೆ, ಅದನ್ನು ಮೀರಿದವನಿಗೆ ಸಂಘದಲ್ಲಿ ನೆಲೆಯಿಲ್ಲ ಎಂಬ ಭಾವನೆ ಆ ಒಂದು ಪದದಲ್ಲಿ ಅಡಗಿದೆ.

ಅವರು ಮಾಡಿದ್ದೇನು? ಹಾದಿಯಲ್ಲಿ ಕಳ್ಳಕಾಕರ ಭಯವಿದ್ದ ಕಾಲದಲ್ಲಿ ಸರಕಿನ ಹೇರುಗಳ ಜೊತೆಗೆ ಆಯುಧ ಹಿಡಿದ ಕಾವಲಿನವರನ್ನು ಇಟ್ಟರು. ಅರಸರೊಡನೆ ಮಾತನಾಡಿ ಸುಂಕದ ರಿಯಾಯಿತಿಗಳನ್ನು ಪಡೆದರು. ಪೇಟೆಗೆ ಒಬ್ಬ ಪಟ್ಟಣಸ್ವಾಮಿ ಇರುತ್ತಿದ್ದನು. ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಂದು ತಮಗೆ ತಾವೇ ವಂತಿಗೆ ವಿಧಿಸಿಕೊಂಡು ಕೆರೆಗೆ, ಗುಡಿಯ ದೀಪಕ್ಕೆ, ಅನ್ನಸತ್ರಕ್ಕೆ ಕೊಟ್ಟರು. ಎಣ್ಣೆಯವರಿಗೆ ಅವರದೇ ಸಂಘ, 'ತೆಲ್ಲಿಗ ಐವತ್ತೊಕ್ಕಲು'. ಅದೂ ಈ ದೊಡ್ಡ ಕೂಟದ ಪಕ್ಕದಲ್ಲಿ ಕುಳಿತು ದಾನಪತ್ರಕ್ಕೆ ಒಪ್ಪಿಗೆ ಕೊಡುತ್ತಿತ್ತು. ಚಿಕ್ಕ ಗಾಣದವನಿಗೂ ಸಭೆಯಲ್ಲಿ ಒಂದು ಚಾಪೆಯಿತ್ತು ಎಂದು ಅರ್ಥ. ನೆಲವನ್ನಳೆಯುವ ಕೋಲಿನ ಪ್ರಮಾಣವನ್ನು ಗುಡಿಯ ಕಲ್ಲಿನಲ್ಲೇ ಕೊರೆದಿಟ್ಟ ಉದಾಹರಣೆಗಳು ಆ ಕಾಲದವು. ಅಳತೆ ದೇವರ ಮುಂದಿರುವಾಗ ಅದನ್ನು ಕುಗ್ಗಿಸುವ ಧೈರ್ಯ ಯಾರಿಗೆ?

ಗದಗಿನ ಬಳಿಯ ಡಂಬಳದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1095ರ ಒಂದು ಶಾಸನವಿದೆ. ಧರ್ಮವೊಳಲೆಂದು ಆಗ ಕರೆಯುತ್ತಿದ್ದ ಆ ಊರಿನ ಹದಿನಾರು ಸೆಟ್ಟಿಗಳು ಕೂಡಿ ಕಟ್ಟಿಸಿದ ಬೌದ್ಧ ವಿಹಾರಕ್ಕೆ ದತ್ತಿ ಬಿಟ್ಟ ಸಂಗತಿಯನ್ನು ಅದು ಹೇಳುತ್ತದೆ. ಅಲ್ಲಿನ ಆರಾಧ್ಯೆ ತಾರಾದೇವಿ. ಶೈವರೂ ಜೈನರೂ ವೈಷ್ಣವರೂ ತುಂಬಿದ್ದ ನಾಡಿನಲ್ಲಿ ಬೌದ್ಧರಿಗೂ ಪೇಟೆಯಲ್ಲಿ ನೆಲೆಯಿತ್ತು. ದೂರದೂರಿನಿಂದ ಬರುವ ವರ್ತಕನಿಗೆ ಅವನ ದೇವರನ್ನು ಪೂಜಿಸುವ ಅವಕಾಶವೂ ಇದ್ದರೆ ಮಾತ್ರ ಅವನು ಮತ್ತೆ ಬರುತ್ತಾನೆ ಎಂಬುದು ಆ ಸೆಟ್ಟಿಗಳಿಗೆ ತಿಳಿದಿತ್ತೆಂದು ಕಾಣುತ್ತದೆ. ನಾನಾದೇಶಿ ಎಂಬ ಮಾತಿನ ಒಳ್ಳೆಯ ಅರ್ಥ ಇದೇ ಇರಬೇಕು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಅರ್ಧವಾದೀತು. ಅದೇ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದ. ದಾಯಭಾಗದ ವಿಷಯದಲ್ಲಿ ಆ ಗ್ರಂಥದ ಹೆಸರನ್ನು ವಕೀಲರೆಲ್ಲ ಬಲ್ಲರು. ಆದರೆ ವರ್ತಕರು ಕೂಡಿ ಮಾಡುವ ವ್ಯವಹಾರ, ಸಂಘದ ಕಟ್ಟಳೆಯನ್ನು ಮುರಿಯುವುದು, ಇವಕ್ಕೂ ಅಲ್ಲಿ ಪ್ರತ್ಯೇಕ ಪ್ರಕರಣಗಳಿವೆ. ಸಂಘದ ಕಟ್ಟಳೆಯನ್ನು ಸದಸ್ಯರು ಪಾಲಿಸಬೇಕೆಂದು ಹೇಳುವ ಆ ಸ್ಮೃತಿಯೇ ಇನ್ನೊಂದು ಮಾತನ್ನೂ ಹೇಳುತ್ತದೆ: ವರ್ತಕರೆಲ್ಲ ಒಂದಾಗಿ ಕಸುಬುದಾರರಿಗೆ, ಕುಶಲಕರ್ಮಿಗಳಿಗೆ ಪೀಡೆಯಾಗುವಂತೆ ಬೆಲೆಯನ್ನು ಕಟ್ಟಿದರೆ, ಅಥವಾ ಹೊರಗಿನಿಂದ ಬಂದ ಸರಕನ್ನು ಒಟ್ಟಾಗಿ ತಡೆದರೆ, ಅವರಿಗೆ ಅತ್ಯಂತ ಕಠಿನವಾದ ದಂಡ. ವರ್ತಕರು ಒಟ್ಟಿಗೆ ಕುಳಿತಾಗ ಮಾತು ಕೊನೆಗೆ ಬೆಲೆ ಏರಿಸುವ ಒಳಸಂಚಿಗೆ ತಿರುಗುತ್ತದೆಂದು ಸ್ಕಾಟ್ಲೆಂಡಿನ ಆಡಂ ಸ್ಮಿತ್ 1776ರಲ್ಲಿ ಬರೆದದ್ದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಈಗಲೂ ಓದುತ್ತಾರೆ. ನಮ್ಮ ಕಲ್ಯಾಣದ ಪಂಡಿತನಿಗೆ ಆ ಅಪಾಯ ಆರುನೂರು ವರ್ಷಗಳ ಹಿಂದೆಯೇ ಗೊತ್ತಿತ್ತು. ಒಂದೇ ಕೂಟ ತಕ್ಕಡಿಯನ್ನು ನೆಟ್ಟಗೆ ಹಿಡಿಯಬಲ್ಲದು. ಅದೇ ಕೂಟ ಅದನ್ನು ಓರೆಯಾಗಿಯೂ ಹಿಡಿಯಬಲ್ಲದು. ನಮ್ಮ ಸಾಹುಕಾರರು ಪದ್ಧತಿ ಎಂದದ್ದು ಈ ಓರೆಯನ್ನೇ.

ಈಗ ಹೊಸ ಕಾಲಕ್ಕೆ ಬರೋಣ. ಇಂದು ನಾವು ವಾಣಿಜ್ಯ ಮಂಡಳಿ ಎಂದು ಕರೆಯುವ ಸಂಸ್ಥೆ ಯುರೋಪಿನಿಂದ ಬಂದದ್ದು. ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನ ವರ್ತಕರು 1599ರಲ್ಲಿ ಸ್ಥಾಪಿಸಿದ್ದೇ ಇವುಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ಭಾರತದಲ್ಲಿ ಮುಂಬಯಿ, ಮದರಾಸುಗಳ ಮಂಡಳಿಗಳು 1836ರಲ್ಲಿ ಹುಟ್ಟಿದುವು. ಅವು ಬಹುಮಟ್ಟಿಗೆ ಆಂಗ್ಲ ವರ್ತಕರ ಸಂಸ್ಥೆಗಳು. ಭಾರತೀಯ ವರ್ತಕರು ತಮ್ಮದೇ ಮಂಡಳಿಗಳನ್ನು ಕಟ್ಟಿಕೊಳ್ಳಲು ಕಲ್ಕತ್ತೆಯಲ್ಲಿ 1887ರವರೆಗೆ, ಮುಂಬಯಿಯಲ್ಲಿ 1907ರವರೆಗೆ ಕಾಯಬೇಕಾಯಿತು.

ಮೈಸೂರು ಸಂಸ್ಥಾನದಲ್ಲಿ ಈ ಕೆಲಸ ನಡೆದ ಬಗೆ ಬೇರೆ. ಅಲ್ಲಿ 1911ರಲ್ಲಿ ಆರ್ಥಿಕ ಸಮ್ಮೇಳನ ಆರಂಭವಾಯಿತು. ಬೇಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಈ ಮೂರನ್ನೂ ಒಂದೇ ಚಾವಣಿಯ ಕೆಳಗೆ ಕೂರಿಸಿ, ಅದರ ಸಮಿತಿಗಳನ್ನು ಜಿಲ್ಲೆ ತಾಲ್ಲೂಕುಗಳವರೆಗೆ ಹರಡಿದರು. 1913ರಲ್ಲಿ ಮೈಸೂರು ಬ್ಯಾಂಕು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1916ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ. ಸಾಹಿತ್ಯ ಪ್ರಿಯರಾದ ತಮಗೆ ಇನ್ನೆರಡು ವರ್ಷಗಳನ್ನು ನೆನಪಿಸುತ್ತೇನೆ: ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ. ನುಡಿ, ವಿದ್ಯೆ, ವ್ಯಾಪಾರ ಈ ಮೂರಕ್ಕೂ ಸಂಘಶಕ್ತಿ ಬೇಕೆಂದು ಆ ತಲೆಮಾರಿಗೆ ಒಂದೇ ಉಸಿರಿನಲ್ಲಿ ಹೊಳೆದಿತ್ತು. ನಾವು ಪರಿಷತ್ತನ್ನು ಅಭಿಮಾನದಿಂದ ನೆನೆಯುತ್ತೇವೆ. ವರ್ತಕರ ಮಂಡಳಿಯನ್ನು ಲೇವಾದೇವಿಯವರ ಗುಂಪೆಂದು ಬದಿಗೆ ಸರಿಸುತ್ತೇವೆ. ಇದು ನಮ್ಮ ಓದುಗ ವರ್ಗದ ಒಂದು ಕುರುಡು ಎಂದು ನಾನು ವಿನಯದಿಂದ ಹೇಳುತ್ತೇನೆ. ಉತ್ತರ ಕರ್ನಾಟಕದಲ್ಲಿ, ಹತ್ತಿಯ ವ್ಯಾಪಾರಕ್ಕೆ ಹೆಸರಾದ ಹುಬ್ಬಳ್ಳಿಯಲ್ಲಿ, 1928ರಲ್ಲಿ ಇಂಥದೇ ಮಂಡಳಿ ಹುಟ್ಟಿತು.

ಈ ಮಂಡಳಿಗಳು ಅಂಗಡಿಯವನ ಕೈಗೆ ದುಡ್ಡು ಕೊಡುವುದಿಲ್ಲ. ಒಬ್ಬನ ಅರ್ಜಿ ಕಚೇರಿಯ ಕಟ್ಟಿನಲ್ಲಿ ಕಳೆದುಹೋಗುತ್ತದೆ. ನೂರು ಮಂದಿಯ ಅರ್ಜಿಗೆ ಉತ್ತರ ಬರುತ್ತದೆ. ರೈಲಿನ ವ್ಯಾಗನ್ನುಗಳು ಸಿಗದಿದ್ದಾಗ, ತೆರಿಗೆಯ ನಿಯಮ ಅರ್ಥವಾಗದಿದ್ದಾಗ, ವಿದ್ಯುತ್ತು ನಿಂತಾಗ, ಬ್ಯಾಂಕು ಸಾಲ ನಿರಾಕರಿಸಿದಾಗ ಮಂಡಳಿ ಎಲ್ಲರ ಪರವಾಗಿ ಬಾಯಾಗುತ್ತದೆ. ಇಬ್ಬರು ವರ್ತಕರ ಜಗಳವನ್ನು ಕೋರ್ಟಿನ ಮೆಟ್ಟಿಲು ಹತ್ತಿಸದೆ ಮಧ್ಯಸ್ಥಿಕೆಯಿಂದ ತೀರಿಸುತ್ತದೆ. ಈ ಸರಕು ಈ ಊರಿನದೇ ಎಂದು ಪರದೇಶಕ್ಕೆ ಹೋಗುವ ಮಾಲಿಗೆ ಪ್ರಮಾಣಪತ್ರ ಕೊಡುತ್ತದೆ. ಬಾಯಿ, ಕಿವಿ, ಪಂಚಾಯಿತಿ ಕಟ್ಟೆ: ಈ ಮೂರೂ ಕೂಡಿದ್ದೇ ವಾಣಿಜ್ಯ ಮಂಡಳಿ.

ನಮ್ಮ ರಾಯಚೂರು ಸೀಮೆಗೆ ಮೈಸೂರಿನ ಆ ಗಾಳಿ ಬೀಸಲಿಲ್ಲ. ಮುಂಬಯಿಯ ಕಡೆಯಿಂದ ಬಂದ ರೈಲೂ ಮದರಾಸಿನ ಕಡೆಯಿಂದ ಬಂದ ರೈಲೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಸುತ್ತಣ ಸೀಮೆಯ ಹತ್ತಿಗೂ ಎಣ್ಣೆಕಾಳಿಗೂ ಅದರಿಂದ ದೂರದ ಬಂದರುಗಳ ದಾರಿ ತೆರೆಯಿತು. ಆದರೆ ಹೊರಗಿನ ಬೆಲೆ ವರ್ತಕನಿಗೆ ತಂತಿಯಲ್ಲಿ ತಿಳಿಯುತ್ತಿತ್ತು; ಬೆಳೆದವನಿಗೆ ತಿಳಿಯುತ್ತಿರಲಿಲ್ಲ. ನಾಡಿನ ಎಷ್ಟೋ ಪೇಟೆಗಳಲ್ಲಿ ದಲಾಲನೂ ಖರೀದಿದಾರನೂ ವಸ್ತ್ರದ ಮರೆಯಲ್ಲಿ ಕೈಗೆ ಕೈ ಸೇರಿಸಿ ಬೆರಳು ಮುಟ್ಟಿ ಬೆಲೆ ಕಟ್ಟುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುತ್ತಿದ್ದದ್ದು ಅಲುಗಾಡುವ ಬಟ್ಟೆ ಮಾತ್ರ. ವಿಜ್ಞಾನೇಶ್ವರ ಹೇಳಿದ ಪೀಡೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇಕೆ?

ಇದಕ್ಕೆ ಎರಡು ದಿಕ್ಕಿನಿಂದ ಉತ್ತರ ಬಂದಿತು. ಒಂದು, ಬೆಳೆಗಾರರೇ ಕಟ್ಟಿಕೊಂಡ ಸಂಘ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಹುಟ್ಟಿದ ಸಹಕಾರ ಸಂಘ ಆ ಚಳವಳಿಗೆ ನಾಂದಿ. ಮುಂದೆ 1917ರಲ್ಲಿ ಗದಗಿನಲ್ಲಿ ಹತ್ತಿಯ ಮಾರಾಟಕ್ಕೆಂದೇ ಸಹಕಾರ ಸಂಘ ಬಂದಿತು. ಇನ್ನೊಂದು, ಸರಕಾರದ ಕಾನೂನು. ಹೆಸರಿಗೆ ನಿಜಾಮರದಾಗಿ ಬ್ರಿಟಿಷರು ಆಳುತ್ತಿದ್ದ ವರ್ಹಾಡದ ಕಾರಂಜದಲ್ಲಿ 1886ರಲ್ಲೇ ಹತ್ತಿಯ ಮಾರುಕಟ್ಟೆಗೆ ಕಟ್ಟಳೆ ಹಾಕಿದರು. 1897ರಲ್ಲಿ ಅಲ್ಲಿಗೇ ವಿಶೇಷ ಕಾನೂನು ಬಂದಿತು. ಆದರೆ ಆ ಸಮಿತಿಗಳಲ್ಲಿ ಬೆಳೆಗಾರನಿಗೆ ಕುರ್ಚಿಯಿಲ್ಲವೆಂದು 1928ರಲ್ಲಿ ವರದಿ ಕೊಟ್ಟ ಬೇಸಾಯದ ರಾಯಲ್ ಕಮಿಷನ್ ಆಕ್ಷೇಪಿಸಿತು. ಹೈದರಾಬಾದು ಸಂಸ್ಥಾನ ತನ್ನ ಕೃಷಿ ಮಾರುಕಟ್ಟೆ ಕಾನೂನನ್ನು ಫಸಲಿ 1339ರಲ್ಲಿ, ಎಂದರೆ 1930ರಲ್ಲಿ, ಮಾಡಿತು. ಕಾನೂನು ಕಾಗದದ ಮೇಲೆ ಬಂದಿತು; ನಮ್ಮ ತಂದೆಯವರ ಬಂಡಿ ನಿಲ್ಲುತ್ತಿದ್ದ ಕಟ್ಟೆಯವರೆಗೆ ಅದು ನಡೆದು ಬರಲು ಇನ್ನೂ ಬಹುಕಾಲ ಹಿಡಿಯಿತು.

ಅಷ್ಟರಲ್ಲಿ ನೀರು ಬಂದಿತು. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದು, 1953ರ ಜುಲೈ 1ರಂದು ಕಾಲುವೆಗೆ ನೀರು ಬಿಟ್ಟರು. ಎಡದಂಡೆಯ ಮುಖ್ಯ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರು. ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಜೋಳ ಹತ್ತಿಯಂಥ ಬೆಳೆಗಳಿಗೆ ಹದವಾಗಿ ನೀರುಣಿಸಬೇಕೆಂಬುದು ಯೋಜನೆ. ಜನ ಭತ್ತಕ್ಕೆ ಒಲಿದರು. ಕಾಲುವೆಯ ಮೇಲ್ಭಾಗದಲ್ಲಿ ಗದ್ದೆ ಹಸಿರಾಗಿ, ಕೊನೆಯ ಭಾಗದ ರೈತ ನೀರಿಗಾಗಿ ಬಾಯ್ಬಿಡುವ ಸಂಕಟ ಅಂದಿನಿಂದ ಬಂದದ್ದು. ಕರಾವಳಿ ಆಂಧ್ರದಿಂದ ಭತ್ತ ಬೆಳೆಯುವ ಕುಶಲರು ಬಂದು ನೆಲ ಕೊಂಡು 'ಕ್ಯಾಂಪು'ಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ನಿರಾಶ್ರಿತರಿಗೆ ಸಿಂಧನೂರಿನ ಬಳಿ ಆರ್.ಎಚ್. ಕ್ಯಾಂಪುಗಳಲ್ಲಿ ನೆಲೆ ಕೊಟ್ಟರು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿಗಳಲ್ಲಿ ಅಕ್ಕಿ ಗಿರಣಿಗಳು ಎದ್ದುವು. ಸೋನಾಮಸೂರಿ ಎಂಬ ಹೆಸರು ನಮ್ಮ ಸೀಮೆಯಿಂದ ಬೆಂಗಳೂರಿನ ಅಡಿಗೆಮನೆಗಳವರೆಗೂ ಹೋಯಿತು.

ಹೀಗೆ ಒಂದೇ ತಲೆಮಾರಿನಲ್ಲಿ ನಮ್ಮ ಪೇಟೆಗಳು ಮತ್ತೆ ನಾನಾದೇಶಿಗಳ ಪೇಟೆಗಳಾದುವು. ಕನ್ನಡ, ತೆಲುಗು, ಉರ್ದು, ಮಾರವಾಡಿ, ಬಂಗಾಳಿ ಎಲ್ಲವೂ ಒಂದೇ ಬೀದಿಯಲ್ಲಿ ಕೇಳತೊಡಗಿದುವು. ತಾಲ್ಲೂಕಿನ ವರ್ತಕರ ಸಂಘಗಳು ಬೆಳೆದದ್ದು ಈ ಸಂದಣಿಯಲ್ಲಿ. ಕಿರಾಣಿಯವರದೊಂದು, ಬಟ್ಟೆಯವರದೊಂದು, ಅಡತ್ತಿಯವರದೊಂದು, ಗಿರಣಿಯವರದೊಂದು. ಅಮಾವಾಸ್ಯೆಗೆ ಪೇಟೆ ಬಂದು ಮಾಡುವುದರಿಂದ ಹಿಡಿದು ಹಮಾಲರ ಕೂಲಿಯ ಒಪ್ಪಂದದವರೆಗೆ ಅವುಗಳ ಕೆಲಸ. ನಾನು ಕಂಡ ಒಂದು ಸಂಜೆಯನ್ನು ಹೇಳುತ್ತೇನೆ. ಹೊಸದಾಗಿ ಬಂದವನೊಬ್ಬ ಚಿಕ್ಕ ಅಂಗಡಿ ತೆರೆಯಬೇಕೆಂದು ಮಳಿಗೆ ಕೇಳಿದ್ದ. ಅವನ ಊರು ಯಾವುದೋ, ಭಾಷೆ ಯಾವುದೋ, ಕೆಲವರು ಗೊಣಗಿದರು. ಸಂಘದ ಹಿರಿಯರೊಬ್ಬರು ಎದ್ದು, "ಅವನ ಅಂಗಡಿ ಬಂದ್ರ ಅವನ ಗಿರಾಕಿ ಬರ್ತಾರ, ಅವನ ಗಿರಾಕಿ ಬಂದ್ರ ನಮ್ಮ ಅಂಗಡಿ ಮುಂದs ಹಾದು ಹೋಗ್ತಾರ" ಎಂದರು. ಗೊಣಗಾಟ ನಿಂತಿತು. ಬರೂಸಿನವರೆಗೆ ಹಡಗು ಹತ್ತಿ ಹೋದ ಐನೂರ್ವರ ಬಣಂಜುಧರ್ಮವನ್ನು ಆ ಹಿರಿಯರು ಯಾವ ಶಾಸನದಲ್ಲಿಯೂ ಓದಿದವರಲ್ಲ.

ನಾನು ಆರಂಭದಲ್ಲಿ ಹೇಳಿದ ನಾಲ್ಕು ಅಗತ್ಯಗಳಲ್ಲಿ ಮೊದಲ ಮೂರನ್ನು ಇಂದು ಬಹುಮಟ್ಟಿಗೆ ಸರಕಾರವೇ ವಹಿಸಿಕೊಂಡಿದೆ. ಹಾಲಿ ರೂಪಾಯಿ ಹೋಗಿ ದೇಶಕ್ಕೆಲ್ಲ ಒಂದೇ ನಾಣ್ಯವಾಯಿತು. 1956ರ ತೂಕ ಅಳತೆಗಳ ಕಾನೂನು ಬಂದು, 1958ರಿಂದ ಹಂತಹಂತವಾಗಿ ಸೇರು, ಮಣ, ಪಲ್ಲಗಳು ಕಿಲೋಗ್ರಾಂ ಕ್ವಿಂಟಾಲುಗಳಿಗೆ ಎಡೆಗೊಟ್ಟುವು. ನಮ್ಮ ರಾಜ್ಯದ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು 1966ರದು. ಬಹಿರಂಗ ಹರಾಜು, ಲೈಸೆನ್ಸು ಪಡೆದ ತೂಕದವರು, ಬೆಳೆಗಾರರ ಪ್ರತಿನಿಧಿಗಳೇ ಬಹುಸಂಖ್ಯೆಯಲ್ಲಿದ್ದು ವರ್ತಕರಿಗೂ ಸ್ಥಾನವಿರುವ ಮಾರುಕಟ್ಟೆ ಸಮಿತಿ, ಇವೆಲ್ಲ ಅದರಿಂದ ಬಂದುವು. 2014ರಲ್ಲಿ ರಾಜ್ಯದ ಮಾರುಕಟ್ಟೆಗಳನ್ನು ಕಂಪ್ಯೂಟರಿನ ಜಾಲದಲ್ಲಿ ಜೋಡಿಸುವ ಕೆಲಸ ಆರಂಭವಾಯಿತು. ಬೆಲೆ ಕಟ್ಟುವವನು ಕಟ್ಟೆಯ ಬಳಿ ನಿಂತಿರಲೇಬೇಕೆಂಬ ನಿಯಮ ಉಳಿಯಲಿಲ್ಲ. ಹಾದಿಯ ವಿಷಯಕ್ಕೆ ಬಂದರೆ, ಸಿಂಧನೂರಿಗೆ ರೈಲು ಬಂದದ್ದು 2024ರಲ್ಲಿ. ರಾಯಚೂರಿನಲ್ಲಿ ಎರಡು ದಿಕ್ಕಿನ ರೈಲುಗಳು ಕೂಡಿ ನೂರೈವತ್ತಮೂರು ವರ್ಷಗಳಾದ ಮೇಲೆ.

ಹಾಗಾದರೆ ವರ್ತಕರ ಸಂಘಕ್ಕೆ ಉಳಿದ ಕೆಲಸವೇನು? ನಾಲ್ಕನೆಯದು: ನಂಬಿಕೆ. ಅದನ್ನು ಯಾವ ಕಾನೂನೂ ಹುಟ್ಟಿಸಲಾರದು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂದಾಗ ಹಳ್ಳಿಯ ಕಿರಾಣಿಯವನಿಗೆ ಅದರ ನಮೂನೆಗಳು ಹಿಂದಿನ ಉರ್ದು ಕಾಗದದಷ್ಟೇ ಅಪರಿಚಿತವಾಗಿದ್ದುವು. ಅಂಥವನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿಳಿಹೇಳುವವರು ಬೇಕು. ಸಂತೆಯಲ್ಲಿ ಬುಟ್ಟಿ ಇಟ್ಟು ಮಾರುವ ಮುದುಕಿಗೆ ಸಂಘದಲ್ಲಿ ಒಂದು ಚಾಪೆ ಬೇಕು, ತೆಲ್ಲಿಗರಿಗೆ ಇದ್ದಂತೆ. ಕಾಲುವೆಯ ಕೊನೆಯ ಹೊಲಕ್ಕೆ ನೀರು ಬರದಿದ್ದರೆ ಅದು ರೈತನ ಗೋಳು ಮಾತ್ರವಲ್ಲ, ಪೇಟೆಯ ಗೋಳೂ ಹೌದೆಂದು ಅರ್ಜಿ ಬರೆಯುವ ವರ್ತಕ ಮಂಡಳಿ ಬೇಕು. ಬೆಳೆದವನ ಕೈಯಲ್ಲಿ ನಾಲ್ಕು ಕಾಸು ಉಳಿಯದಿದ್ದರೆ ದೀಪಾವಳಿಗೆ ಬಟ್ಟೆಯಂಗಡಿಯ ಮುಂದೆ ನಿಲ್ಲುವವರು ಯಾರು? ಪಟ್ಟಣದ ದೊಡ್ಡ ಮಂಡಳಿಗಳು ಪಟ್ಟಣದ ಮೇಲೆ ಬದುಕಬಲ್ಲವು. ತಾಲ್ಲೂಕಿನ ಮಂಡಳಿಗೆ ಹಾಗಾಗದು. ಅದರ ಗಿರಾಕಿಯೇ ಅದಕ್ಕೆ ಮಾಲು ತರುವವನು. ಅವನನ್ನು ಕುಗ್ಗಿಸಿದ ಪೇಟೆ ತನ್ನ ಬೇರನ್ನೇ ಕಡಿದುಕೊಂಡಂತೆ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ಹೊಳೆ ಹಾಗೆಯೇ ಹರಿಯುತ್ತಿದೆ; ಆಚೆ ದಡ ಬೇರೆ ರಾಜ್ಯವಾಗಿತ್ತೆಂದರೆ ಮೊಮ್ಮಕ್ಕಳು ನಂಬುವುದಿಲ್ಲ. ಭತ್ತದ ಚೀಲಗಳನ್ನು ವಿದ್ಯುತ್ತಿನ ತಕ್ಕಡಿಯ ಮೇಲೆ ಇಡುತ್ತಿದ್ದರು. ಕೆಂಪು ಅಂಕಿಗಳು ಮಿನುಗಿ ಮಾಯವಾಗುತ್ತಿದ್ದುವು. ರಾಗವಿಲ್ಲ, ಸೇರಿಲ್ಲ. ಪಕ್ಕದಲ್ಲಿ ಚೀಲಗಳನ್ನು ಎಣಿಸುತ್ತ ನಿಂತಿದ್ದ ಹಮಾಲನೊಬ್ಬ ಮಾತ್ರ ಮೊದಲ ಚೀಲಕ್ಕೆ ಕೈಯಿಟ್ಟು ಮೆಲ್ಲನೆ 'ಲಾಭ' ಎಂದ. ನನ್ನ ಮೈ ಜುಮ್ಮೆಂದಿತು. ಭತ್ತದ ಒಡೆಯನಾದ ಹುಡುಗ ತಕ್ಕಡಿಯ ಅಂಕಿಯನ್ನು ತನ್ನ ಕೈಯಲ್ಲಿದ್ದ ಚೀಟಿಯಲ್ಲಿ ತಾನೇ ಬರೆದುಕೊಳ್ಳುತ್ತಿದ್ದ, ವ್ಯಾಪಾರಿಯೂ ಬರೆದುಕೊಳ್ಳುತ್ತಿದ್ದ. ಕೊನೆಗೆ ಇಬ್ಬರೂ ಚೀಟಿಗಳನ್ನು ಜೋಡಿಸಿ ನೋಡಿದರು. ಲೆಕ್ಕ ಕೂಡಿತು.

ಬಂಡಿಯಲ್ಲಿ ತಂದೆಯವರು ಹೇಳದೆ ಉಳಿದ ಉತ್ತರ ಆ ಎರಡು ಚೀಟಿಗಳಲ್ಲಿತ್ತೆಂದು ನನಗೆ ತೋರಿತು. ಮೊದಲ ಎಣಿಕೆ ಲಾಭವೇ ಆಗಿರಲಿ, ನಮ್ಮ ಹಿರಿಯರ ಆ ಶುಭದ ಮಾತು ಹಾಗೆಯೇ ಉಳಿಯಲಿ. ಆದರೆ ಅದನ್ನು ಕೊಡುವವನೂ ಕೊಳ್ಳುವವನೂ ಒಟ್ಟಿಗೆ ಎಣಿಸಬೇಕು. ಅಷ್ಟನ್ನು ನೋಡಿಕೊಳ್ಳುವ ಸಂಘ ಯಾವುದೋ ಅದೇ ನಿಜವಾದ ವಾಣಿಜ್ಯ ಮಂಡಳಿ. ಅದಕ್ಕೆ ಐನೂರ್ವರೆಂದು ಹೆಸರಿಟ್ಟರೂ ಸರಿಯೇ, ಊರ ಪಂಚರೆಂದು ಕರೆದರೂ ಸರಿಯೇ.

(ಬಾನುಲಿ ಭಾಷಣ)